ಮುದ್ದೆಗೆ ಸಿಕ್ಕ ಬಡ್ತಿ

ನಿವೃತ್ತನಾದ ಸಕ್ಕರೆ ಕಾಯಿಲೆಯವನ ಮಣಿಕಟ್ಟು ಅವನ ಸ್ವಂತ ಆಸ್ತಿಯಲ್ಲ. ಹೈದರಾಬಾದಿನಲ್ಲಿರುವ ಮಗ ನನ್ನದಕ್ಕೊಂದು ಸ್ಮಾರ್ಟ್‌ವಾಚ್ ಬಿಗಿದು ಹೋಗಿದ್ದಾನೆ. ಎಷ್ಟು ನಡೆದೆ, ಎಷ್ಟು ಹೊತ್ತು ಮಲಗಿದೆ, ಏನು ತಿಂದೆ ಎಂಬ ಚಾಡಿಯೆಲ್ಲ ನೇರವಾಗಿ ಅವನ ಮೊಬೈಲಿಗೆ ಹೋಗುತ್ತದೆ.

ದಿನಕ್ಕೆ 10,000 ಹೆಜ್ಜೆ ಹಾಕಬೇಕಂತೆ. ಇದು ವೈದ್ಯರ ಚೀಟಿಯಲ್ಲಿ ಹುಟ್ಟಿದ ಅಂಕಿಯಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರವನ್ನು ಮಾರಲು ಅದರ ಹೆಸರಿಗೇ ಸೇರಿಸಿದ್ದು. ಇರಲಿ, ನಡೆಯೋಣ. ಆದರೆ ಈ ವಾಚಿಗೆ ಕಾಲು ಕಾಣಿಸುವುದಿಲ್ಲ. ಕೈ ಬೀಸುವ ಲಯವನ್ನು ನೋಡಿ ಇದು ನಡಿಗೆ, ಇದು ಓಟ ಎಂದು ಊಹಿಸುವುದನ್ನಷ್ಟೇ ಅದಕ್ಕೆ ಕಲಿಸಿರುತ್ತಾರೆ. ಸೂಪರ್ ಮಾರ್ಕೆಟ್ಟಿನಲ್ಲಿ ಟ್ರಾಲಿ ಹಿಡಿದು ಬೇಳೆಯಿಂದ ಸಾಬೂನಿನವರೆಗೆ ಅಲೆದು ಸುಸ್ತಾದ ನನಗೆ ಅದು 'ಎದ್ದು ಸ್ವಲ್ಪ ಓಡಾಡಿ' ಎಂದು ಬುದ್ಧಿ ಹೇಳಿತು. ಅದನ್ನೇ ಕಟ್ಟಿಕೊಂಡು ತುರಿಯುವ ಮಣೆಯ ಮೇಲೆ ಕುಳಿತು ಕಾಯಿ ತುರಿದ ನನ್ನ ಹೆಂಡತಿಗೆ, ಕೂತಲ್ಲೇ ಹೆಜ್ಜೆಗಳ ಸುರಿಮಳೆ!

ಊಟದ ವಿಷಯದಲ್ಲಂತೂ ಮಾನವೇ ಹೋಯಿತು. ತಟ್ಟೆಯ ಫೋಟೊ ತೆಗೆದರೆ ಆ್ಯಪ್ ತಿನಿಸಿನ ಹೆಸರು, ಕ್ಯಾಲೊರಿ ಎಲ್ಲವನ್ನೂ ಹೇಳುತ್ತದೆ. ಅಂದು ಬಸ್ಸಾರಿನಲ್ಲಿ ಅರ್ಧ ಮುಳುಗಿದ ಎರಡು ಮುದ್ದೆ, ನೆತ್ತಿಯ ಮೇಲೆ ಕರಗಿ ಇಳಿಯುತ್ತಿದ್ದ ತುಪ್ಪ. ಆ್ಯಪ್ ಕಣ್ಣು ಮಿಟುಕಿಸದೆ ತೀರ್ಪು ಕೊಟ್ಟಿತು: ಚಾಕೊಲೇಟ್ ಐಸ್‌ಕ್ರೀಮ್, ಎರಡು.

ಅದನ್ನೂ ಪೂರ್ತಿ ದೂರುವಂತಿಲ್ಲ. ಹೆಸರು ಬರೆದ ಸಾವಿರಾರು ಫೋಟೊಗಳನ್ನು ನೋಡಿಯೇ ಇಂಥವು ಕಲಿಯುವುದು. ಸಂಶೋಧಕರು ಬಹಳವಾಗಿ ಬಳಸುವ, 2014ರ 'ಫುಡ್-101' ಎಂಬ ಸಂಗ್ರಹದಲ್ಲಿ 101 ಬಗೆಯ ತಿನಿಸುಗಳಿವೆ, ಒಂದೊಂದಕ್ಕೂ ಸಾವಿರ ಫೋಟೊ. ಸಮೋಸಾಕ್ಕೆ ಅಲ್ಲಿ ಜಾಗವಿದೆ. ಇಡ್ಲಿ, ದೋಸೆಗೇ ಇಲ್ಲದ ಮೇಲೆ ಮುದ್ದೆಯನ್ನು ಕೇಳುವವರು ಯಾರು?

ಐದೇ ನಿಮಿಷಕ್ಕೆ ಮಗನ ಫೋನ್ ಬಂತು. "ಅಪ್ಪಾ, ಸಕ್ಕರೆ ಇಟ್ಟುಕೊಂಡು ಒಂದೇ ಊಟಕ್ಕೆ ಎರಡು ಐಸ್‌ಕ್ರೀಮಾ?"

ಹೆಂಡತಿ ಫೋನ್ ಕಸಿದುಕೊಂಡಳು. "ಮುದ್ದೆ ಕಣೋ ಅದು! ನೀನು ತಿಂದು ಬೆಳೆದದ್ದೂ ಅದನ್ನೇ."

ತಪ್ಪಿದ್ದರೆ ತಿದ್ದಿ ಎಂದು ಆ್ಯಪ್ಪೇ ವಿನಯದಿಂದ ಕೇಳಿಕೊಂಡಿತ್ತು. 'ರಾಗಿ ಮುದ್ದೆ' ಎಂದು ಟೈಪಿಸಿದೆ. ಮುದ್ದೆ ಮಾಡಿದಾಗಲೆಲ್ಲ ಬೇಸರಿಸದೆ ತಿದ್ದಿದೆ. ಶಿಷ್ಯ ಚೆನ್ನಾಗಿಯೇ ಕಲಿತ. ಮೊನ್ನೆ ಪಕ್ಕದ ಮನೆಯ ಹುಡುಗಿಯ ಹುಟ್ಟುಹಬ್ಬದಲ್ಲಿ ಬಟ್ಟಲು ತುಂಬ ಚಾಕೊಲೇಟ್ ಐಸ್‌ಕ್ರೀಮ್ ಕೊಟ್ಟರು. ನಿಯಮದಂತೆ ಫೋಟೊ ತೆಗೆದೆ. ಆ್ಯಪ್ ರಾಗಿ ಮುದ್ದೆ ಎಂದು ದಾಖಲಿಸಿಕೊಂಡಿತು. ಹೈದರಾಬಾದಿನಿಂದ ಹೆಬ್ಬೆರಳಿನ ಮೆಚ್ಚುಗೆ ಬಂತು, ಜೊತೆಗೆ ಒಂದು ಸಾಲು: "ರಾತ್ರಿಗೂ ಅದನ್ನೇ ತಿನ್ನಿ ಅಪ್ಪಾ."