ಪುಸ್ತಕ ಎದುರಿಗೆ ಇಟ್ಟುಕೊಂಡೇ ನುಡಿಸಲಿ ಬಿಡಿ

ಕಳೆದ ವಾರ ನನ್ನ ಅಣ್ಣನ ಮಗಳ ಪಿಯಾನೊ ರಿಸೈಟಲ್ ಇತ್ತು. ವಿಶ್ವವಿದ್ಯಾಲಯದಲ್ಲಿ ಸಂಗೀತ ಓದುತ್ತಿದ್ದಾಳೆ, ಕೊನೆಯ ವರ್ಷ. ಸುಮಾರು ಒಂದು ಗಂಟೆ ವೇದಿಕೆಯ ಮೇಲೆ ಒಬ್ಬಳೇ. ಎದುರಿಗೆ ಪರೀಕ್ಷಕರು, ಸಹಪಾಠಿಗಳು, ಮನೆಯವರು. ಸ್ವರಲಿಪಿ ನೋಡುವ ಹಾಗಿಲ್ಲ, ಎಲ್ಲವನ್ನೂ ನೆನಪಿನಿಂದಲೇ ನುಡಿಸಬೇಕು. ಅದು ವಿಶ್ವವಿದ್ಯಾಲಯದ ನಿಯಮ.

ಮೊದಲು ಬಾಖ್ ಬರೆದದ್ದು. ಚೆನ್ನಾಗಿ ಹೋಯಿತು. ಆಮೇಲೆ ಬೀಥೋವನ್ ಬರೆದ ಓಪಸ್ 110, ಅಂದರೆ ಅವನ 110ನೇ ಸಂಖ್ಯೆಯ ಕೃತಿ. ಪಿಯಾನೊಗೆ ಅವನು ಬರೆದ 32 ಸೊನಾಟಾಗಳಲ್ಲಿ (ಹಲವು ಭಾಗಗಳ ದೊಡ್ಡ ಕೃತಿಗಳು) 31ನೆಯದು. 1821ರದ್ದು. ಆ ಹೊತ್ತಿಗೆ ಅವನಿಗೆ ಕಿವಿ ಹೆಚ್ಚುಕಡಿಮೆ ಕೇಳಿಸುತ್ತಲೇ ಇರಲಿಲ್ಲ. ಅದರ ಕೊನೆಯ ಭಾಗದಲ್ಲಿ ಅಳುವಿನಂಥ ಒಂದು ಹಾಡು ಬರುತ್ತದೆ. ಅದು ಮುಗಿದ ಕೂಡಲೇ ಮೂರು ದನಿಗಳ ಫ್ಯೂಗ್. ಆ ಫ್ಯೂಗಿನ ನಡುವೆ ಅವಳ ಕೈ ನಿಂತುಹೋಯಿತು.

ಒಂದೆರಡು ಸ್ವರ ತಪ್ಪಿದ್ದಲ್ಲ. ಪೂರ್ತಿ ನಿಂತಿತು. ಎರಡೂ ಕೈ ತೊಡೆಯ ಮೇಲೆ ಬಂದವು. ಹತ್ತು ಸೆಕೆಂಡ್ ಇರಬಹುದೇನೋ, ನನಗೆ ಉಸಿರಾಡಲು ಆಗಲಿಲ್ಲ.

ಫ್ಯೂಗ್ ಅಂದರೆ ಒಂದೇ ರಾಗದ ಎಳೆ ಬೇರೆ ಬೇರೆ ದನಿಯಲ್ಲಿ ಮತ್ತೆ ಮತ್ತೆ ಬರುವುದು. ಒಮ್ಮೆ ಮೇಲೆ, ಒಮ್ಮೆ ಕೆಳಗೆ, ಒಮ್ಮೆ ನಡುವೆ. ಪ್ರತಿ ಸಲವೂ ಶುರು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ, ಮುಂದಿನ ದಾರಿ ಬೇರೆ. ಒಂದು ತಿರುವು ತಪ್ಪಿದರೆ ಸಾಕು, ಬೆರಳು ಈಗಾಗಲೇ ದಾಟಿ ಬಂದ ಜಾಗಕ್ಕೇ ವಾಪಸ್ ಹೋಗುತ್ತದೆ. ಸೊನಾಟಾಗಳಲ್ಲೂ ಈ ಅಪಾಯ ಇದೆ. ಮೊದಲಿಗೆ ಬಂದ ರಾಗದ ಎಳೆಗಳು ಕೊನೆಗೆ ಮತ್ತೆ ಬರುತ್ತವೆ, ಆದರೆ ನಡುವೆ ಎಲ್ಲೋ ಶ್ರುತಿ ಬೇರೆಯಾಗುತ್ತದೆ. ಎಚ್ಚರ ತಪ್ಪಿದರೆ ಮೊದಲ ದಾರಿಯಲ್ಲೇ ಸುತ್ತುತ್ತಿರಬೇಕು. ಇದು ಅಭ್ಯಾಸ ಮಾಡದವರಿಗೆ ಆಗುವುದಲ್ಲ. ತಿಂಗಳುಗಟ್ಟಲೆ ದಿನಕ್ಕೆ ನಾಲ್ಕೈದು ಗಂಟೆ ಕೂತವಳಿಗೂ ಆಗುತ್ತದೆ.

ಅದೂ ಅಲ್ಲದೆ, ಪಿಯಾನೊ ನುಡಿಸುವವರು ತಮ್ಮ ವಾದ್ಯವನ್ನು ಹೊತ್ತು ತರುವ ಹಾಗಿಲ್ಲ. ವೇದಿಕೆಯ ಮೇಲೆ ಏನಿದೆಯೋ ಅದನ್ನೇ ನುಡಿಸಬೇಕು. ಕೀಗಳು ಎಂಬತ್ತೆಂಟೇ ಇರಬಹುದು, ಆದರೆ ಒಂದರ ಕೀ ಹಗುರ, ಇನ್ನೊಂದರದು ಭಾರ. ಬೆರಳಿಗೆ ಅಭ್ಯಾಸವಾದ ಸ್ಪರ್ಶ ಅಲ್ಲಿ ಸಿಗುವುದಿಲ್ಲ. ಇಷ್ಟು ದಿನ ತಾನಾಗಿಯೇ ನಡೆಯುತ್ತಿದ್ದ ಕೈಯನ್ನು ಮನಸ್ಸು ತಡೆದು ಕೇಳುತ್ತದೆ, ಮುಂದಿನ ಸ್ವರ ಯಾವುದು? ಅಲ್ಲಿಗೆ ಮುಗಿಯಿತು.

ಹಾಗಾದರೆ ಈ ನಿಯಮ ಯಾಕೆ ಬೇಕು?

ಪಿಯಾನೊ ಹುಟ್ಟಿದ ದಿನದಿಂದ ಇದು ಹೀಗೇ ಇತ್ತು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಇರಲಿಲ್ಲ. ಇಟಲಿಯ ವಾದ್ಯ ತಯಾರಕ ಕ್ರಿಸ್ಟೋಫೋರಿ ಮೊದಲ ಪಿಯಾನೊ ಮಾಡಿದ್ದು 1700ರ ಆಸುಪಾಸು. ಜರ್ಮನಿಯ ಪಿಯಾನಿಸ್ಟ್ ಕ್ಲಾರಾ ವೀಕ್, ಮುಂದೆ ಕ್ಲಾರಾ ಶೂಮನ್ ಆದವರು, 1837ರಲ್ಲಿ ಬರ್ಲಿನ್‌ನಲ್ಲಿ ಹಾಳೆ ಇಲ್ಲದೆ ನುಡಿಸಿದಾಗ ಇದೆಂಥ ಜಂಬ ಅಂತ ದೂರಿದವರಿದ್ದರು. ಅಂದರೆ ಆಗಿನ್ನೂ ಹಾಳೆ ಇಟ್ಟುಕೊಳ್ಳುವುದೇ ಮರ್ಯಾದೆಯಾಗಿತ್ತು. ಹಂಗೇರಿಯ ಪಿಯಾನಿಸ್ಟ್ ಲಿಸ್ಟ್ 1840ರಲ್ಲಿ ಲಂಡನ್ನಿನಲ್ಲಿ ತನ್ನ ಕಛೇರಿಗೆ 'ರಿಸೈಟಲ್ಸ್' ಅಂತ ಹೆಸರಿಟ್ಟ. ಒಬ್ಬನೇ ಕೂತು, ನೆನಪಿನಿಂದ ನುಡಿಸಿ ಜನರನ್ನು ಬೆರಗುಗೊಳಿಸುವ ಪದ್ಧತಿ ಆ ಕಾಲದಲ್ಲಿ ಬೆಳೆಯಿತು. ಅಂದು ಅದು ಕೆಲವರ ಸಾಹಸ. ಇವತ್ತು ಬಹಳಷ್ಟು ವಿದ್ಯಾರ್ಥಿಗಳ ತಲೆಯ ಮೇಲೆ ಕೂತಿದೆ.

ಸ್ವಿಯಾತೋಸ್ಲಾವ್ ರಿಕ್ಟರ್ ಕಳೆದ ಶತಮಾನದ ದೊಡ್ಡ ಪಿಯಾನಿಸ್ಟ್‌ಗಳಲ್ಲಿ ಒಬ್ಬರು. ವಯಸ್ಸಾದ ಮೇಲೆ ಅವರು ಹಾಲಿನ ದೀಪ ಆರಿಸಿ, ಪಿಯಾನೊ ಪಕ್ಕ ಒಂದು ಸಣ್ಣ ದೀಪ ಇಟ್ಟು, ಸ್ವರಲಿಪಿ ನೋಡಿಕೊಂಡೇ ನುಡಿಸುತ್ತಿದ್ದರು. ಅವರಿಗೆ ಸಂಗೀತ ಬರುವುದಿಲ್ಲ ಅಂತ ಯಾರು ಹೇಳಿಯಾರು? ಪಿಟೀಲು, ಚೆಲ್ಲೊ ಜೊತೆ ಕೂತು ನುಡಿಸುವಾಗ ಇದೇ ಪಿಯಾನಿಸ್ಟ್ ಎದುರಿಗೆ ಹಾಳೆ ಇಟ್ಟುಕೊಂಡರೆ ಯಾರೂ ಪ್ರಶ್ನೆ ಮಾಡುವುದಿಲ್ಲ. ಒಬ್ಬಳೇ ಕೂತ ತಕ್ಷಣ ಅದು ಕಳ್ಳತನ ಆಗಿಬಿಡುತ್ತದೆ, ಅಲ್ವಾ?

ಕಂಠಪಾಠದಿಂದ ಲಾಭ ಇಲ್ಲ ಅಂತ ನಾನು ಹೇಳುವುದಿಲ್ಲ. ಹಾಳೆ ಬಿಟ್ಟು ಕೃತಿಯನ್ನು ಕಲಿತಾಗ ಅದು ಒಳಗೆ ಇಳಿಯುತ್ತದೆ, ಎಲ್ಲಿ ಯಾವ ಶ್ರುತಿಗೆ ಹೊರಳುತ್ತದೆ ಅನ್ನುವುದು ಗಟ್ಟಿಯಾಗುತ್ತದೆ. ಕಲಿಯುವಾಗ ಖಂಡಿತ ಮಾಡಿಸಲಿ. ಮೇಷ್ಟ್ರ ಎದುರು, ಕ್ಲಾಸಿನಲ್ಲಿ ಪರೀಕ್ಷೆಯೂ ಇರಲಿ. ಆದರೆ ಪದವಿಯ ಕೊನೆಯ ರಿಸೈಟಲ್‌ನಲ್ಲಿ ಅಳೆಯಬೇಕಾದದ್ದು ಅವಳು ದನಿಯನ್ನು ಹೇಗೆ ಹೊರಡಿಸುತ್ತಾಳೆ, ಮೂರು ಎಳೆಗಳನ್ನು ಹೇಗೆ ಬಿಡಿಸಿ ಕೇಳಿಸುತ್ತಾಳೆ, ಪೆಡಲ್ ಎಲ್ಲಿ ಬಿಡುತ್ತಾಳೆ ಅನ್ನುವುದನ್ನು. ಹಾಳೆ ಬೇಕಾ ಬೇಡವಾ ಅನ್ನುವುದು ನುಡಿಸುವವರ ಆಯ್ಕೆಯಾಗಲಿ.

ಆವತ್ತು ಅವಳು ಎದ್ದು ಹೋಗಲಿಲ್ಲ. ಎಡಗೈಯಲ್ಲಿ ಆ ಎಳೆ ಶುರುವಾಗುವ ಒಂದು ಜಾಗ ಹುಡುಕಿ, ಅಲ್ಲಿಂದ ಹಿಡಿದು ಫ್ಯೂಗ್ ಮುಗಿಸಿದಳು. ಅದಾದ ಮೇಲೆ ಆ ಅಳುವ ಹಾಡು ಮತ್ತೆ ಬರುತ್ತದೆ. ಈ ಸಲ ಅರ್ಧ ಸ್ವರ ಕೆಳಗೆ, ನಡುನಡುವೆ ತುಂಡಾಗಿ, ಬಿಕ್ಕುತ್ತಾ. ಬೀಥೋವನ್ ಅಲ್ಲಿ 'ಸೋತು ಬಳಲಿ' ಅನ್ನುವ ಅರ್ಥದ ಸೂಚನೆ ಬರೆದಿದ್ದಾನೆ. ಆಮೇಲೆ ಒಂದೇ ಸ್ವರಮೇಳ, ಅಂದರೆ ಒಟ್ಟಿಗೆ ಒತ್ತಿದ ಕೆಲವು ಸ್ವರ, ಹತ್ತು ಸಲ, ಮೆಲ್ಲಗೆ ಶುರುವಾಗಿ ಜೋರಾಗುತ್ತಾ ಹೋಗುತ್ತದೆ. ಅದರೊಳಗಿಂದ ಫ್ಯೂಗ್ ತಲೆಕೆಳಗಾಗಿ, ಏರುತ್ತಿದ್ದಲ್ಲಿ ಇಳಿದು ಇಳಿಯುತ್ತಿದ್ದಲ್ಲಿ ಏರಿ, ಮತ್ತೆ ಏಳುತ್ತದೆ. ಆ ಹತ್ತನ್ನು ಅವಳು ನುಡಿಸಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

ಮುಗಿದ ಮೇಲೆ ಒಳಗೆ ಹೋದೆ. ಅವಳು ಕೇಳಿದ ಮೊದಲ ಮಾತು, "ಅತ್ತೆ, ಎಲ್ಲರಿಗೂ ಗೊತ್ತಾಯ್ತಾ?"

ಆ ಹತ್ತು ಸ್ವರಮೇಳದ ಬಗ್ಗೆ ಹೇಳಲು ಹೋದೆ. ಅವಳ ಕಿವಿಗೆ ಬೀಳಲಿಲ್ಲ. ಒಂದು ಗಂಟೆಯ ಸಂಗೀತದಲ್ಲಿ ಆ ಹತ್ತು ಸೆಕೆಂಡ್ ಮಾತ್ರ ಅವಳ ಜೊತೆ ಮನೆಗೆ ಬಂತು. ಇದಕ್ಕೇ ನನಗೆ ಸಿಟ್ಟು.

ಈ ಭಾನುವಾರ ಅದೇ ಸೊನಾಟಾವನ್ನು ಮನೆಯಲ್ಲಿ ನಮಗೋಸ್ಕರ ನುಡಿಸು ಅಂದಿದ್ದೇನೆ, ಪುಸ್ತಕ ಇಟ್ಟುಕೊಂಡು. ಸ್ವಲ್ಪ ಯೋಚಿಸಿ ಹೂಂ ಅಂದಳು. ಹಾಳೆ ಮಗುಚುವುದಕ್ಕೆ ನಾನು ಪಕ್ಕದಲ್ಲಿ ನಿಲ್ಲುತ್ತೇನೆ. ಅವಳು ತಲೆ ಆಡಿಸಿದ ಕೂಡಲೇ ಮಗುಚಬೇಕಂತೆ. ನಿನ್ನೆಯಿಂದ ಹೇಳಿಕೊಡುತ್ತಿದ್ದಾಳೆ.