ಬರೀ ನೀರು ಕಾಯಿಸೋ ಪಾತ್ರೆ

ನಮ್ಮ ಮನೆಯಲ್ಲಿ ಅತಿ ಕಡಿಮೆ ತೊಳೆಸಿಕೊಂಡ ಪಾತ್ರೆ ಯಾವುದು ಅಂತ ಯಾರಾದರೂ ಕೇಳಿದರೆ ನಾನು ಸೀದಾ ಎಲೆಕ್ಟ್ರಿಕ್ ಕೆಟಲ್ ಕಡೆ ಕೈ ತೋರಿಸುತ್ತೇನೆ. ತೊಳೆಯೋದೇನಿದೆ ಹೇಳಿ? ಸಾರಿಲ್ಲ, ಎಣ್ಣೆಯಿಲ್ಲ, ಒಗ್ಗರಣೆಯಿಲ್ಲ. ಬರೀ ನೀರು ಹಾಕ್ತೀವಿ, ಬರೀ ನೀರು ಬಗ್ಗಿಸ್ಕೋತೀವಿ. ನೀರು ಕಾಯಿಸೋ ಪಾತ್ರೆಯನ್ನು ನೀರು ಹಾಕಿ ತೊಳೆಯೋದು ಅಂದ್ರೆ ಸೋಪಿಗೇ ಸೋಪು ಹಚ್ಚಿದ ಹಾಗಲ್ವಾ? ಹೀಗಂದುಕೊಂಡೇ ಎರಡು ವರ್ಷ ತಳ್ಳಿದೆ. ಹೊರಗಡೆ ಮಾತ್ರ ದಿನಾ ಒರೆಸುತ್ತಿದ್ದೆ. ಸ್ಟೀಲು, ಮುಖ ಕಾಣಬೇಕು ನೋಡಿ.

ಆಮೇಲೆ ಊರಿಂದ ಅಮ್ಮ ಬಂದರು. ಯಾರ ಮನೆಗೆ ಹೋದರೂ ಮುಚ್ಚಳ ತೆಗೆದು ನೋಡೋದು ಅವರ ಅಭ್ಯಾಸ.

"ಏನೋ ಇದು, ಸುಣ್ಣದ ಡಬ್ಬಿ ಇದ್ದಂಗಿದೆ! ಇದರಲ್ಲೇನಾ ನಂಗೆ ಡಿಕಾಕ್ಷನ್ನಿಗೆ ನೀರು ಕಾಯಿಸಿದ್ದು?"

ಬಗ್ಗಿ ನೋಡಿದೆ. ತಳದ ತುಂಬ ಬೆಳ್ಳಗೆ, ನಡುನಡುವೆ ಕಂದು, ಕೆರೆ ಬತ್ತಿದ ಮೇಲೆ ಅಂಗಳ ಬಿರುಕು ಬಿಡುತ್ತಲ್ಲ, ಹಾಗೆ. ಉಗುರಲ್ಲಿ ಕೆರೆದರೆ ಮೊಟ್ಟೆ ಚಿಪ್ಪಿನಷ್ಟು ತೆಳ್ಳಗಿನ ಚಕ್ಕೆ ಎದ್ದು ಬಂತು. ಲೋಟದ ತಳದಲ್ಲಿ ಆಗಾಗ ಸಿಗ್ತಿದ್ದ ಬಿಳಿ ಚೂರನ್ನು ನಾನು ಇಷ್ಟು ದಿನ ಹಾಲಿನ ಕೆನೆ ಅಂದುಕೊಂಡಿದ್ದೆ. ಕಪ್ಪು ಚಹಾದಲ್ಲೂ!

ಅಮ್ಮ ಬೈಗುಳಕ್ಕೆ ಆರಿಸಿಕೊಂಡ ಮಾತು ರಸಾಯನಶಾಸ್ತ್ರದ ಪ್ರಕಾರವೂ ಸರಿ. ಗೋಡೆಗೆ ಹಚ್ಚಿದ ಸುಣ್ಣ ಗಾಳಿಗೆ ಒಣಗಿ ಏನಾಗುತ್ತೋ, ಕೆಟಲ್ ತಳದಲ್ಲಿ ಇರೋದೂ ಬಹುಪಾಲು ಅದೇ, ಕ್ಯಾಲ್ಸಿಯಂ ಕಾರ್ಬೊನೇಟ್. ನೆಲದೊಳಗಿನ ನೀರು ಕಲ್ಲು ಮಣ್ಣಿನ ಸಂದಿಯಲ್ಲಿ ಇಳಿಯುತ್ತಾ ಕ್ಯಾಲ್ಸಿಯಂ ಕರಗಿಸಿಕೊಂಡು ಬಂದಿರುತ್ತೆ. ತಣ್ಣಗಿರುವಾಗ ಕಣ್ಣಿಗೆ ಕಾಣಲ್ಲ. ಕಾಯಿಸಿದ ಕೂಡಲೇ ಗ್ಯಾಸ್ ಬಿಟ್ಟುಕೊಟ್ಟು ಗಟ್ಟಿಯಾಗಿ ತಳ ಹಿಡಿಯುತ್ತೆ. ನಮ್ಮದು ಬೆಂಗಳೂರಿನ ಬೋರ್‌ವೆಲ್ ನೀರು. ಕಾವೇರಿ ಪಾಪ ನೂರು ಕಿಲೋಮೀಟರ್ ಆಚೆಯ ತೊರೆಕಾಡನಹಳ್ಳಿಯಿಂದ ಮೇಲಕ್ಕೆ ಹತ್ತಿಕೊಂಡು ಊರಿಗೆ ಬರ್ತಾಳೆ, ಆದರೆ ನಮ್ಮ ಬೀದಿಗೆ ತಿರುಗೋದು ಮರೀತಾಳೆ. ಕುಡಿಯೋ ನೀರಿನ ಸರ್ಕಾರಿ ಮಾನದಂಡ ಗಡಸುತನವನ್ನು ಲೀಟರಿಗೆ 200 ಮಿಲಿಗ್ರಾಂ ಇದ್ದರೆ ಸರಿ ಅನ್ನುತ್ತೆ, ಬೇರೆ ಗತಿ ಇಲ್ಲದಿದ್ದರೆ 600ರವರೆಗೆ ಒಪ್ಪುತ್ತೆ. ನಮ್ಮದು ಎಷ್ಟು ಅಂತ ಅಳತೆ ಮಾಡಿಸಿಲ್ಲ. ಬೇಳೆ ಬೇಯಲ್ಲ, ಸೋಪು ನೊರೆ ಬರಲ್ಲ, ಅಷ್ಟು ಸಾಕು. ಕುಡಿಯೋಕೆ ಫಿಲ್ಟರ್ ನೀರು ಇದೆ, ಆದರೆ ಕೆಟಲ್‌ಗೆ ನಲ್ಲಿ ನೀರೇ ಹಿಡೀತಿದ್ದೆ, ಹೇಗೂ ಕುದಿಸ್ತೀವಲ್ಲ ಅಂತ. ಕುದಿಸಿದರೆ ಹುಳ ಸಾಯುತ್ತೆ, ಕಲ್ಲು ಸಾಯುತ್ತಾ? ನಮ್ಮ ಜೊತೆಗೇ ಅಕ್ಕ ಕೊಂಡ ಅದೇ ಕೆಟಲ್ ತೀರ್ಥಹಳ್ಳಿಯ ಅವಳ ಮನೆಯಲ್ಲಿ ಇವತ್ತಿಗೂ ಒಳಗೆ ಕನ್ನಡಿ. ಅವಳೇನು ನನಗಿಂತ ಶಿಸ್ತಿನವಳಲ್ಲ, ಮಲೆನಾಡಿನ ನೀರು ಮೆದು, ಅಷ್ಟೆ.

ಮೊದಲು ಸ್ಟೀಲ್ ನಾರು ಹಿಡಿದು ಉಜ್ಜಿದೆ. ಕಲ್ಲು ಹೋಗಲಿಲ್ಲ, ಗೀರು ಬಿತ್ತು. ಗೀರು ಬಿದ್ದ ಕಡೆ ಸುಣ್ಣಕ್ಕೆ ಇನ್ನೂ ಒಳ್ಳೆ ಹಿಡಿತ ಸಿಗುತ್ತೆ ಅಂತ ಆಮೇಲೆ ಗೊತ್ತಾಯಿತು. ಅದೂ ಸಾಲದು ಅಂತ ಇಡೀ ಕೆಟಲನ್ನು ನಲ್ಲಿ ಕೆಳಗೆ ಮಲಗಿಸಿ ಸ್ನಾನ ಮಾಡಿಸಿದೆ. ತಳದಲ್ಲಿ ಕರೆಂಟಿನ ಸಾಕೆಟ್ ಇರೋದು ನೆನಪಾಗೋ ಹೊತ್ತಿಗೆ ನೀರು ಹೊಕ್ಕಾಗಿತ್ತು. ಎರಡು ದಿನ ಬಿಸಿಲಲ್ಲಿ ಬೋರಲು ಹಾಕಿ ಕಾದೆವು. ಕೆಟಲ್ ಬದುಕಿಕೊಂಡಿತು. ದಯವಿಟ್ಟು ಒಳಗೆ ಮಾತ್ರ ತೊಳೀರಿ, ತಳಕ್ಕೆ ಒದ್ದೆ ಬಟ್ಟೆ ಸಾಕು.

ಅಮ್ಮ ಇದನ್ನೆಲ್ಲ ನೋಡಿ ನಕ್ಕರು. "ಉಜ್ಜಿದರೆ ಹೋಗುತ್ತೇನೋ? ಹುಳಿ ಹಾಕ್ಬೇಕು." ನಮ್ಮೂರ ಬಚ್ಚಲುಮನೆಯ ತಾಮ್ರದ ಹಂಡೆಗೂ ವರ್ಷಕ್ಕೊಂದು ದಿನ ಹುಣಸೆಹಣ್ಣಿನ ಸೇವೆ ಆಗುತ್ತಿತ್ತು. ದೀಪಾವಳಿಯ ನೀರು ತುಂಬುವ ಹಬ್ಬ ಇದೆಯಲ್ಲ, ಅದರ ದಿನ. ಹಂಡೆಯನ್ನು ಒಲೆಯಿಂದ ಇಳಿಸಿ, ಒಳಗೂ ಹೊರಗೂ ತಿಕ್ಕಿ, ಕೆಮ್ಮಣ್ಣು ಸುಣ್ಣದ ಪಟ್ಟೆ ಬಳಿದು, ಹೂ ಸುತ್ತಿ, ಹೊಸ ನೀರು ತುಂಬೋದು. ಆಗ ನಮಗೆ ಅದು ಬರೀ ಹಬ್ಬ, ಈಗ ನೋಡಿದರೆ ವಾರ್ಷಿಕ ಸರ್ವಿಸಿಂಗು. ಬರೀ ನೀರು ಕಾಯಿಸೋ ಪಾತ್ರೆಯೂ ಕೊಳೆಯಾಗುತ್ತೆ ಅಂತ ಹಿರಿಯರಿಗೆ ಗೊತ್ತಿತ್ತು.

ಹುಣಸೆಹಣ್ಣು ಕೆಟಲ್‌ನ ಮೂತಿಯ ಜಾಲರಿಗೆ ಸಿಕ್ಕಿಕೊಳ್ಳುತ್ತೆ ಅಂತ ಎರಡು ನಿಂಬೆಹಣ್ಣು ಹಿಂಡಿದೆ. ಅರ್ಧ ಲೀಟರ್ ನೀರು, ಒಂದು ಕುದಿ, ಆಫ್. ಮುಚ್ಚಳ ತೆಗೆದರೆ ಒಳಗೆ ಸೊಯ್ಯ್ ಅಂತ ಸಣ್ಣ ಗುಳ್ಳೆ, ಸೋಡಾ ಬಾಟಲಿಯ ಹಾಗೆ. ಹುಳಿ ಸುಣ್ಣವನ್ನು ತಿನ್ನುವ ಸದ್ದು ಅದು. ಅರ್ಧ ಗಂಟೆ ಬಿಟ್ಟು ಚೆಲ್ಲಿದೆ, ಮುಕ್ಕಾಲು ಹೋಗಿತ್ತು. ಉಳಿದದ್ದಕ್ಕೆ ಅಂಗಡಿಯಿಂದ ನಿಂಬೆ ಉಪ್ಪು ತಂದೆ, ಸಿಟ್ರಿಕ್ ಆಸಿಡ್ ಪುಡಿ, ಒಂದು ದೊಡ್ಡ ಚಮಚ. ವಿನೆಗರ್ ಕೂಡ ಆಗುತ್ತೆ, ಆದರೆ ಎರಡು ದಿನ ಕಾಫಿಗೆ ಗೋಬಿ ಮಂಚೂರಿ ಗಾಡಿಯ ವಾಸನೆ. ಕೊನೆಗೆ ಬರೀ ನೀರು ಎರಡು ಸಲ ಕುದಿಸಿ ಚೆಲ್ಲಿದರೆ ಮುಗೀತು.

ಇನ್ನೊಂದು ಗುಟ್ಟೂ ಆವತ್ತೇ ಬಯಲಾಯಿತು. ಈಚೆಗೆ ನೀರು ಕುದಿಯೋ ಮೊದಲೇ ಕೆಟಲ್ ಟಕ್ ಅಂತ ಆಫ್ ಆಗ್ತಿತ್ತು. ಕಂಪನಿಯನ್ನು ಬೈದು, ಹೊಸದು ನೋಡೋಕೂ ಶುರು ಮಾಡಿದ್ದೆ. ತಪ್ಪು ಕಂಪನಿಯದಲ್ಲ. ಕಲ್ಲಿನ ಹೊದಿಕೆಯಿಂದ ಶಾಖ ನೀರಿಗೆ ಸರಿಯಾಗಿ ದಾಟದೆ ತಳ ಅತಿಯಾಗಿ ಕಾದು, ಒಳಗಿನ ಕಾವಲುಗಾರ ಇದು ಖಾಲಿ ಪಾತ್ರೆ ಅಂತ ತಿಳಿದು ಕರೆಂಟ್ ಕತ್ತರಿಸುತ್ತಿದ್ದ. ಕಲ್ಲು ಹೋದ ಮೇಲೆ ಮೊದಲಿನ ಹಾಗೆ ಕುದಿಯುತ್ತಿದೆ. ತಳದಲ್ಲಿ ಕಾಮನಬಿಲ್ಲಿನ ಬಣ್ಣ ಉಳಿದಿದೆ, ಅದು ಸ್ಟೀಲಿನ ಮೇಲಿನ ತೆಳು ಪೊರೆಯ ಆಟ, ಏನೂ ಆಗಲ್ಲ. ಉಪ್ಪು ನೀರು ಮಾತ್ರ ಬಿಡಬೇಡಿ, ಸ್ಟೀಲಿಗೂ ಚುಕ್ಕೆ ಚುಕ್ಕೆಯಾಗಿ ತೂತು ಕೊರೆಯುತ್ತೆ. ಪಿಜಿಯಲ್ಲಿ ಇದರೊಳಗೇ ನೂಡಲ್ಸ್, ಮೊಟ್ಟೆ, ಹಾಲು ಎಲ್ಲ ಬೇಯಿಸೋ ಹುಡುಗರಿಗೆ ನಾನೇನು ಹೇಳಲಿ, ನಾನೂ ಒಂದು ಕಾಲಕ್ಕೆ ಅಲ್ಲಿದ್ದವನೇ.

ಹೋದ ದೀಪಾವಳಿಗೆ ಅಮ್ಮ ಇಲ್ಲೇ ಇದ್ದರು. ಹಂಡೆ ಇಲ್ಲ, ಗೀಸರ್‌ಗೆ ಹೂ ಸುತ್ತೋಕೆ ಕೈ ಎಟುಕಲ್ಲ. ನಾನು ಕೆಟಲ್‌ಗೆ ನಿಂಬೆ ಉಪ್ಪು ಹಾಕಿ ತೊಳೆದಿಟ್ಟೆ, ಅವರು ಅದಕ್ಕೆ ಕುಂಕುಮ ಇಟ್ಟು ಸೇವಂತಿಗೆ ಸುತ್ತಿದರು. ಮಾರನೇ ದಿನ ಬೆಳಗಿನ ಜಾವ ನಾಲ್ಕೂವರೆಗೆ ಹೂವಿನ ಸಮೇತ ಸ್ವಿಚ್ ಒತ್ತಿ, ಕೊಬ್ಬರಿ ಎಣ್ಣೆ ಹುಡುಕೋಕೆ ಹೋದರಂತೆ. ಮುಚ್ಚಳದ ಸಂದಿಗೆ ದಾರ ಸಿಕ್ಕಿಕೊಂಡಿತ್ತು. ಮುಚ್ಚಳ ಕೂರದಿದ್ದರೆ ಆವಿ ಹಿಡಿಕೆಯ ಹತ್ತಿರದ ಲೋಹದ ಪಟ್ಟಿಯನ್ನು ಮುಟ್ಟಲ್ಲ, ಪಟ್ಟಿ ಕಾದು ಬಾಗದಿದ್ದರೆ ಸ್ವಿಚ್ ಬೀಳಲ್ಲ. ಕುದೀತಾನೇ ಇತ್ತು. ನಾನು ಎದ್ದು ಓಡಿ ಬಂದಾಗ ಅಡುಗೆಮನೆ ತುಂಬ ಬೆಳ್ಳಗೆ ಹೊಗೆಯ ಹಾಗೆ ಆವಿ, ಕಿಟಕಿ ಗಾಜಿನ ಮೇಲೆ ನೀರು ಇಳೀತಿದೆ, ಸೇವಂತಿಗೆ ಬೆಂದ ವಾಸನೆ. ಅಮ್ಮ ಎಣ್ಣೆ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತು, "ಅಬ್ಬಾ, ಈಗ ನೋಡು ಬಚ್ಚಲುಮನೆ ಹಾಗಾಯ್ತು" ಅಂದರು.