ಸಿಂಹ ತೋರಿಸು ತಮ್ಮಾ

ಶಿರಸಿಯ ಒಂದು ಇಂಗ್ಲಿಷ್ ಮೀಡಿಯಂ ಶಾಲೆ ಈ ವರ್ಷ ಬ್ಯಾಜ್ ಬದಲಾಯಿಸಿದೆ. ಹಳೆಯದರಲ್ಲಿ ದೀಪ, ಪುಸ್ತಕ ಇದ್ದವು. ಸರ್ಕಾರಿ ಶಾಲೆಯ ಹಾಗೆ ಕಾಣುತ್ತದಂತೆ! ಈಗ ಗುರಾಣಿ, ಕಿರೀಟ, ಹಿಂಗಾಲ ಮೇಲೆ ನಿಂತ ಸಿಂಹ, ಅಡಿಯಲ್ಲಿ ಒಂದು ಸಾಲು ಲ್ಯಾಟಿನ್. ಅದನ್ನು ಓದಬಲ್ಲವರು ಶಾಲೆಯಲ್ಲಿ ಯಾರೂ ಇಲ್ಲ. ಹಾಗಾಗಿ ತಪ್ಪು ಹುಡುಕುವವರೂ ಇಲ್ಲ.

ಸಿಂಹ ಅಂದರೆ ಧೈರ್ಯ, ಕಿರೀಟ ಅಂದರೆ ಸಾಧನೆ, ಗುರಾಣಿ ಅಂದರೆ ರಕ್ಷಣೆ ಅಂತ ಡೈರಿಯಲ್ಲಿ ಅಚ್ಚು ಹಾಕಿದ್ದಾರೆ. ಮಕ್ಕಳಿಗೆ ಬಾಯಿಪಾಠ. ಸಿಂಹ ಕಂಡರೆ ಓಡಬೇಕು ಅಂತ ಬರೆದ ಹುಡುಗನಿಗೆ ಸೊನ್ನೆ ಬಂತು.

ಗುರಾಣಿಗೆ ಸಿಂಹ, ಹದ್ದು ಬರೆಸುವ ಚಾಳಿ 12ನೇ ಶತಮಾನದ ಯುರೋಪಿನದು. ಕಬ್ಬಿಣದ ಟೊಪ್ಪಿಯಲ್ಲಿ ಮುಖ ಕಾಣದು, ಹೊಡೆಯಬೇಕಾದವನು ನಮ್ಮವನೋ ವೈರಿಯೋ ತಿಳಿಯಬೇಕಲ್ಲ! ಶಿರಸಿಯಲ್ಲೂ ಜೂನ್ ಬಂದರೆ ಮುಖ ಕಾಣುವುದು ಅಷ್ಟಕ್ಕಷ್ಟೇ. ಆದರೆ ರೇನ್‌ಕೋಟ್ ಬ್ಯಾಜನ್ನೂ ಮುಚ್ಚುತ್ತದೆ. ಅದಕ್ಕೇ ಗೇಟಿನಲ್ಲಿ ತಪಾಸಣೆ.

"ತಮ್ಮಾ, ಗುಂಡಿ ಬಿಚ್ಚು. ಸಿಂಹ ತೋರಿಸು."

"ನಾನೇ ಅಲ್ವಾ, ನಿಮ್ಮ ಪಕ್ಕದ ಮನೆಯವ."

"ನೀನು ಬಂದದ್ದು ಕಂಡಿತು ಮಾರಾಯಾ. ಅದು ಬಂದಿದೆಯಾ ನೋಡಬೇಕು."

ಸಿಂಹ ತೋರಿಸುವಷ್ಟರಲ್ಲಿ ಹುಡುಗನ ಅಂಗಿ ತೊಪ್ಪೆ.

ಸ್ಕಾಟ್ಲೆಂಡಿನಲ್ಲಿ ಅನುಮತಿ ಇಲ್ಲದೆ ಇಂಥ ಲಾಂಛನ ಹಾಕಿಕೊಂಡರೆ ಇಂದಿಗೂ ಅಪರಾಧ. 1672ರ ಕಾಯ್ದೆ ಇದೆ. ಇಲ್ಲಿ ಅನುಮತಿ ಕೊಡುವವರು ಯೂನಿಫಾರ್ಮ್ ಅಂಗಡಿಯವರು. ಅವರ ಕ್ಯಾಟಲಾಗಿನಲ್ಲಿ ಸಿಂಹ ಎಡಕ್ಕೆ ನೋಡಿದರೆ ಒಂದು ದರ, ಕಿರೀಟ ಸೇರಿದರೆ ಇನ್ನೊಂದು.

ಸಿಂಹವೇ ಬೇಕಿದ್ದರೆ ಬನವಾಸಿ ಇದೇ ತಾಲೂಕಿನಲ್ಲಿತ್ತು. ಕದಂಬರ ಲಾಂಛನವೂ ಸಿಂಹವೇ. ಆದರೆ ಆ ಸಿಂಹಕ್ಕೆ ಇಂಗ್ಲಿಷ್ ಬರುವುದಿಲ್ಲ, ಅಡ್ಮಿಶನ್ ಸಿಗಲಿಲ್ಲ.

ನಾಲ್ಕು ಸಲ ಒಗೆಯುವಷ್ಟರಲ್ಲಿ ಕಸೂತಿ ಬಿಟ್ಟುಕೊಂಡಿತು. ಕೇಸರದ ಹಳದಿ ದಾರ ಕಿತ್ತು ಮುಖದ ಸುತ್ತ ಕೆದರಿ ನಿಂತಿತು, ಬಾಲ ಕಿಸೆಯಿಂದ ಕೆಳಗೆ ಜೋತುಬಿತ್ತು. ಈಗ ಅದು ಸಾಕ್ಷಾತ್ ಅಘನಾಶಿನಿ ಕಾಡಿನ ಸಿಂಗಳೀಕ. ಪಾಲಕರು ಸಭೆಯಲ್ಲಿ ಗಲಾಟೆ ಮಾಡಿದರು. ಇತಿಹಾಸದ ಮೇಷ್ಟ್ರು ಎದ್ದು ನಿಂತು, ಕದಂಬರ ಬಾವುಟದಲ್ಲಿ ಇದ್ದದ್ದು ವಾನರ, ಆದ್ದರಿಂದ ಇದು ನಷ್ಟವಲ್ಲ, ಪರಂಪರೆ ಅಂದರು. ಪಾಪ, ಸತ್ಯವನ್ನೇ ಹೇಳಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಕೊನೆಗೆ ತೀರ್ಮಾನ ಆಯಿತು: ಇನ್ನು ರೇನ್‌ಕೋಟಿಗೂ ಒಂದು ಬ್ಯಾಜ್ ಹೊಲಿಸಬೇಕು. ಸೂಜಿ ಚುಚ್ಚಿದಲ್ಲೆಲ್ಲ ನೀರು ಒಳಗೆ ಬರುತ್ತದಲ್ಲ ಅಂತ ಒಬ್ಬ ತಾಯಿ ಕೇಳಿದರು. ಪ್ರಿನ್ಸಿಪಾಲರು ಸಿದ್ಧರಾಗಿಯೇ ಬಂದಿದ್ದರು. ಅಂಟಿಸುವ ಬ್ಯಾಜೂ ಇದೆಯಂತೆ, ಆಫೀಸಿನಲ್ಲಿ ರಸೀದಿ ಮಾಡಿಸಿದರೆ ಸಾಕಂತೆ.